ಅಕ್ಕನಿಗೆ ಆಗ ವಯಸ್ಸೆಷ್ಟು?

ಬೀದರ ಜಿಲ್ಲೆಯಲ್ಲಿ ಅಕ್ಕಮಹಾದೇವಿಯ ಹೆಸರು ಕೇಳದ ಮನೆ ಸಿಗುವುದು ಕಷ್ಟ. ಶಾಲೆಯ ಗೋಡೆಯ ಮೇಲೆ, ಮಠದ ಪಡಸಾಲೆಯಲ್ಲಿ, ಕ್ಯಾಲೆಂಡರಿನಲ್ಲಿ, ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಆಕೆಯ ಚಿತ್ರವಿರುತ್ತದೆ. ಮೈತುಂಬ ಇಳಿಬಿದ್ದ ಕೂದಲು, ಅಂಗೈಯಲ್ಲಿ ಇಷ್ಟಲಿಂಗ, ಅರೆಮುಚ್ಚಿದ ಕಣ್ಣು. ಚಿತ್ರಕಾರರು ಆಕೆಯನ್ನು ಎಷ್ಟು ಶಾಂತಳನ್ನಾಗಿ ಮಾಡಿಬಿಟ್ಟಿದ್ದಾರೆಂದರೆ, ಈಕೆ ಒಂದು ಕಾಲಕ್ಕೆ ಮನೆಯವರ ಮಾತಿಗೆ, ಊರಿನ ರೂಢಿಗೆ, ಅರಸನ ಆಸೆಗೆ ಒಮ್ಮೆಲೇ ಎದುರಾಗಿ ನಿಂತ ಹುಡುಗಿ ಎಂಬುದು ಮರೆತೇ ಹೋಗುತ್ತದೆ.

ಮರೆಯಲು ಇನ್ನೊಂದು ಕಾರಣವೂ ಇದೆ. ಅದು 'ಅಕ್ಕ' ಎಂಬ ಶಬ್ದ. ಅಕ್ಕ ಎಂದ ಕೂಡಲೇ ಮನಸ್ಸಿಗೆ ಹಿರಿಯಳೊಬ್ಬಳ ಮೂರ್ತಿ ಬರುತ್ತದೆ. ಆಕೆಯನ್ನು ಅಕ್ಕ ಎಂದು ಕರೆದವರಲ್ಲಿ ಹೆಚ್ಚಿನವರು ವಯಸ್ಸಿನಲ್ಲಿ ಆಕೆಗಿಂತ ದೊಡ್ಡವರೇ. ಹುಟ್ಟಿದ ವರ್ಷ ಯಾವ ಶಾಸನದಲ್ಲೂ ಇಲ್ಲ. ಆದರೆ ಕಥೆ ಹೇಳಿದ ಕವಿಗಳೆಲ್ಲ ಆಕೆ ಆಗಷ್ಟೇ ಮದುವೆಯ ವಯಸ್ಸಿಗೆ ಬಂದಿದ್ದಳು ಎನ್ನುತ್ತಾರೆ. ಹನ್ನೆರಡನೆಯ ಶತಮಾನದಲ್ಲಿ ಮದುವೆಯ ವಯಸ್ಸೆಂದರೆ ಎಷ್ಟು ಎಂಬುದನ್ನು ಹೇಳಬೇಕಾಗಿಲ್ಲ. ಇಂದಾಗಿದ್ದರೆ ಆಕೆ ಹೈಸ್ಕೂಲಿನ ಕೊನೆಯ ವರ್ಷದಲ್ಲೋ ಪಿಯುಸಿಯಲ್ಲೋ ಇದ್ದಿರಬಹುದು.

ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಆಕೆಯ ವಚನಗಳನ್ನು ಓದಿದರೆ ಅವು ಬೇರೆಯೇ ಆಗಿ ಕಾಣುತ್ತವೆ. ಪಠ್ಯಪುಸ್ತಕದಲ್ಲಿ ನಾಲ್ಕು ವಚನ ಕಂಠಪಾಠ ಮಾಡಿ, ಕವಯಿತ್ರಿಯ ಪರಿಚಯಕ್ಕೆ ಎರಡು ಅಂಕ ಪಡೆದು ಮುಂದೆ ಹೋಗುವ ವಿದ್ಯಾರ್ಥಿಗೆ, ಬರೆದವಳು ತನ್ನ ವಯಸ್ಸಿನವಳೇ ಎಂದು ಯಾರೂ ಹೇಳಿರುವುದಿಲ್ಲ.

ಮೊದಲು ಆಧಾರದ ಮಾತು. ಅಕ್ಕನ ಬದುಕಿನ ಕುರಿತು ತಿಳಿದಿರುವುದರಲ್ಲಿ ಯಾವುದು ಗಟ್ಟಿ, ಯಾವುದು ಕಾವ್ಯ ಎಂದು ಬೇರ್ಪಡಿಸಿಕೊಳ್ಳುವುದು ಒಳ್ಳೆಯದು. ಎಲ್ಲಕ್ಕಿಂತ ಹಳೆಯ ಕಥನ ಸುಮಾರು 1200ರ ಹೊತ್ತಿನ ಹರಿಹರ ಕವಿಯ ರಗಳೆ. ಅದರಂತೆ ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಈ ಹುಡುಗಿಯನ್ನು ಅಲ್ಲಿಯ ಅರಸ ಕೌಶಿಕ ನೋಡಿ ಮೋಹಗೊಂಡ. ಹೆತ್ತವರಿಗೆ ಅರಸನ ಭಯ. ಹುಡುಗಿ ಕೆಲವು ಕರಾರುಗಳನ್ನು ಹಾಕಿ ಒಪ್ಪಿದಳು. ತನ್ನ ಪೂಜೆಗೆ, ಶಿವಭಕ್ತರ ಸಂಗಕ್ಕೆ ಅಡ್ಡಿ ಬರಬಾರದು. ಮೂರು ತಪ್ಪಿನವರೆಗೆ ಕ್ಷಮೆ, ಆಮೇಲೆ ತಾನು ಸ್ವತಂತ್ರಳು. ಕೌಶಿಕ ಕರಾರು ಮುರಿದ, ಆಕೆ ಉಟ್ಟ ಬಟ್ಟೆಯನ್ನೂ ಅಲ್ಲೇ ಬಿಟ್ಟು ಹೊರಟುಹೋದಳು. ಮುಂದೆ ಹದಿನೈದನೆಯ ಶತಮಾನದ ಚಾಮರಸ 'ಪ್ರಭುಲಿಂಗಲೀಲೆ'ಯಲ್ಲಿ ಇದೇ ಕಥೆ ಹೇಳುವಾಗ ಮದುವೆಯೇ ಆಗಲಿಲ್ಲ ಎನ್ನುತ್ತಾನೆ. ಯಾರದು ನಿಜ? ವಿದ್ವಾಂಸರು ಇದರ ಬಗ್ಗೆ ಬಹಳ ವಾದ ಮಾಡಿದ್ದಾರೆ. ಹರಿಹರ ಅಕ್ಕನ ಕಾಲಕ್ಕೆ ಹತ್ತಿರದವನು; ಕಾಲಕ್ಕೆ ಹತ್ತಿರವಿದ್ದ ಸಾಕ್ಷಿಗೆ ಸಾಮಾನ್ಯವಾಗಿ ತೂಕ ಹೆಚ್ಚು. ಆದರೆ ಅಕ್ಕನಿಗೆ ಮದುವೆ ಆಗಿತ್ತು ಎಂದರೆ ಆಕೆಯ ಘನತೆಗೆ ಕುಂದು ಎಂಬ ಅಂಜಿಕೆ ಕೆಲವರ ವಾದದೊಳಗೆ ಅಡಗಿರುವುದು ಮಾತ್ರ ಕಾಣದೆ ಇರುವುದಿಲ್ಲ. ಗಂಡನ ಮನೆ ಬಿಟ್ಟು ಬಂದ ಹೆಣ್ಣುಮಗಳನ್ನು ಎಂಟುನೂರು ವರ್ಷಗಳ ನಂತರವೂ ಒಪ್ಪಿಕೊಳ್ಳಲು ಮಂದಿಗೆ ಕಷ್ಟವಾಗುತ್ತದೆಯೆಂದಾಯಿತು.

ಎಲ್ಲಕ್ಕಿಂತ ಗಟ್ಟಿ ಆಧಾರವೆಂದರೆ ಆಕೆಯ ವಚನಗಳೇ. ಕರ್ನಾಟಕ ಸರಕಾರ 1993ರಲ್ಲಿ ಹದಿನೈದು ಸಂಪುಟಗಳಲ್ಲಿ ಸಮಗ್ರ ವಚನ ಸಾಹಿತ್ಯವನ್ನು ಪ್ರಕಟಿಸಿದಾಗ ಒಂದು ಇಡೀ ಸಂಪುಟ ಶಿವಶರಣೆಯರಿಗೆ ಮೀಸಲಾಯಿತು. ಮೂವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳ ಬರಹ ಅದರಲ್ಲಿದೆ. ನಾನೂರಕ್ಕೂ ಹೆಚ್ಚು ವಚನಗಳು ಅಕ್ಕ ಒಬ್ಬಳವೇ. ಇವಲ್ಲದೆ ತ್ರಿಪದಿಯಲ್ಲಿರುವ 'ಯೋಗಾಂಗತ್ರಿವಿಧಿ'ಯೂ ಆಕೆಯ ಹೆಸರಿನಲ್ಲಿದೆ.

ಈ ವಚನಗಳಲ್ಲಿ ಹೆಚ್ಚಿನವು ಪ್ರೀತಿಯನ್ನು ಕುರಿತವು. ಈ ಮಾತನ್ನು ಮಕ್ಕಳೆದುರು ಹೇಳಲು ಅನೇಕ ಹಿರಿಯರು ಹಿಂದೆಮುಂದೆ ನೋಡುತ್ತಾರೆ. 'ಭಕ್ತಿ' ಎನ್ನುತ್ತಾರೆ, 'ಶರಣಸತಿ ಲಿಂಗಪತಿ ಭಾವ' ಎನ್ನುತ್ತಾರೆ. ಅದು ತಪ್ಪಲ್ಲ. ಆದರೆ ಕಾಯುವಿಕೆ, ನಿದ್ದೆ ಬಾರದ ರಾತ್ರಿ, ಗೆಳತಿಯೊಡನೆ ಕನಸು ಹೇಳಿಕೊಳ್ಳುವುದು, ಹಕ್ಕಿಗಳನ್ನೂ ದುಂಬಿಗಳನ್ನೂ ನಿಲ್ಲಿಸಿ ಅವನನ್ನು ಕಂಡಿರಾ ಎಂದು ವಿಚಾರಿಸುವುದು, ಇವೆಲ್ಲ ಪ್ರೀತಿಯಲ್ಲಿ ಬಿದ್ದವರಿಗೆ ಗೊತ್ತಿರುವ ಸಂಗತಿಗಳೇ. ಹದಿಹರೆಯದ ಪ್ರೀತಿಯನ್ನು ಹಾರ್ಮೋನುಗಳ ಆಟವೆಂದು ತಳ್ಳಿಹಾಕುವುದು ಸುಲಭ. ಹಾರ್ಮೋನುಗಳ ಪಾತ್ರ ಇರುವುದು ನಿಜವೇ. ದೂರದೃಷ್ಟಿಯಿಂದ ನಿರ್ಧಾರ ಮಾಡುವ ಮೆದುಳಿನ ಮುಂಭಾಗ ಪೂರ್ತಿ ಪಕ್ವವಾಗಲು ಇಪ್ಪತ್ತು ದಾಟಿ ಇನ್ನೂ ಕೆಲವು ವರ್ಷ ಬೇಕು ಎಂಬುದೂ ನಿಜ. ಆದರೆ ಅದೇ ವಯಸ್ಸಿನಲ್ಲಿ ಮನುಷ್ಯ ಮೊದಲ ಸಲ 'ನನಗೆ ಬೇಕಾದುದು ಏನು?' ಎಂದು ಗಂಭೀರವಾಗಿ ಕೇಳಿಕೊಳ್ಳುತ್ತಾನೆ. ಆ ಪ್ರಶ್ನೆಗೆ ನಗುವುದರಿಂದ ಹಿರಿಯರಿಗೆ ಏನೂ ಸಿಗುವುದಿಲ್ಲ.

ಅಕ್ಕ ತನ್ನ ಬಯಕೆಯನ್ನು ಹೊಗಳಿಕೊಳ್ಳಲಿಲ್ಲ, ಮುಚ್ಚಿಡಲೂ ಇಲ್ಲ. ಅದನ್ನು ಪರೀಕ್ಷೆ ಮಾಡಿದಳು. ಒಂದು ವಚನದಲ್ಲಿ ಗೂಡು ಕಟ್ಟುವ ಹುಳುವಿನ ಹೋಲಿಕೆ ಬರುತ್ತದೆ. ಆ ಹುಳು ತನ್ನೊಳಗಿನ ಅಂಟಿನಿಂದಲೇ ಎಳೆ ತೆಗೆದು, ಮನೆ ಕಟ್ಟಿ, ಅದೇ ಎಳೆಯಲ್ಲಿ ಸಿಕ್ಕಿ ಸಾಯುತ್ತದೆ. ಮನಸ್ಸು ಬಯಸಿದ್ದನ್ನೆಲ್ಲ ಬಯಸುತ್ತಾ ತಾನೂ ಹಾಗೆಯೇ ಬೇಯುತ್ತಿದ್ದೇನೆ ಎಂಬುದು ಆಕೆಯ ಅಳಲು. ರೇಷ್ಮೆಹುಳು ಸಾಕುವ ಊರಿನವರಿಗೆ ಈ ಮಾತು ಎಷ್ಟು ನಿಖರವೆಂದು ಥಟ್ಟನೆ ತಿಳಿಯುತ್ತದೆ. ರೇಷ್ಮೆಹುಳು ಎರಡು ಮೂರು ದಿನ ತಲೆಯನ್ನು ಆಚೀಚೆ ಆಡಿಸುತ್ತಾ, ನೂರಾರು ಮೀಟರ್ ಉದ್ದದ ಒಂದೇ ಎಳೆಯನ್ನು ತನ್ನ ಸುತ್ತ ಸುತ್ತಿಕೊಳ್ಳುತ್ತದೆ. ಆ ಎಳೆ ಹೊರಗಿನಿಂದ ತಂದುದಲ್ಲ, ಅದರ ಮೈಯಿಂದಲೇ ಬಂದುದು. ಒಬ್ಬ ಹುಡುಗಿ ಗಿಡದ ಕೆಳಗೆ ಕುಳಿತು ಇದನ್ನು ಗಮನವಿಟ್ಟು ನೋಡಿರಬೇಕು. ಕಂಡದ್ದನ್ನು ತನ್ನ ಮನಸ್ಸಿಗೆ ಹಚ್ಚಿ ನೋಡುವುದು ಎಲ್ಲರಿಗೂ ಬರುವುದಿಲ್ಲ.

ಒಂದು ಮಾತನ್ನು ಇಲ್ಲಿ ಸೇರಿಸಬಹುದು. ಗೂಡಿನೊಳಗಿನ ಹುಳು ತಾನಾಗಿ ಸಾಯುವುದಿಲ್ಲ. ಮನುಷ್ಯ ನೂಲಿಗಾಗಿ ಬಿಸಿನೀರಿಗೆ ಹಾಕುವುದರಿಂದ ಸಾಯುತ್ತದೆ. ಹಾಗೇ ಬಿಟ್ಟರೆ ಕೆಲವು ದಿನಗಳಲ್ಲಿ ಒಂದು ಬಗೆಯ ಕಿಣ್ವವನ್ನು ಸ್ರವಿಸಿ, ಗೂಡಿನ ತುದಿಯನ್ನು ಮೆತ್ತಗೆ ಮಾಡಿ, ಪತಂಗವಾಗಿ ಹೊರಗೆ ಬರುತ್ತದೆ. ನೂಲು ಬೇಕಾದವರಿಗೆ ಮಾತ್ರ ಅದು ನಷ್ಟ, ಏಕೆಂದರೆ ತೂತಾದ ಗೂಡಿನಿಂದ ಒಂದೇ ಎಳೆ ಬರುವುದಿಲ್ಲ.

ಉಡುತಡಿಯಿಂದ ಹೊರಟ ಅಕ್ಕ ಕಲ್ಯಾಣಕ್ಕೆ ಬಂದಳೆಂಬುದು ಶರಣ ಪರಂಪರೆಯ ಗಟ್ಟಿ ನಂಬಿಕೆ. ಇಂದಿನ ಬಸವಕಲ್ಯಾಣ ಬೀದರ ನಗರದಿಂದ ಸುಮಾರು 80 ಕಿಲೋಮೀಟರ್. ಆಗ ಅದು ಕಲಚುರಿ ಬಿಜ್ಜಳನ ರಾಜಧಾನಿ, ಬಸವಣ್ಣ ಅಲ್ಲಿ ಮಂತ್ರಿ. ಅಲ್ಲಿಯ ಅನುಭವ ಮಂಟಪದಲ್ಲಿ ಅಲ್ಲಮಪ್ರಭು ಆಕೆಗೆ ಮಾಡಿದ ಪ್ರಶ್ನೆಗಳನ್ನು ಹದಿನೈದನೆಯ ಶತಮಾನದ 'ಶೂನ್ಯಸಂಪಾದನೆ' ವಿಸ್ತಾರವಾಗಿ ಕಟ್ಟಿಕೊಡುತ್ತದೆ. ಈಗಿನ ಮಾತಿನಲ್ಲಿ ಹೇಳುವುದಾದರೆ ಅದೊಂದು ಮೌಖಿಕ ಪರೀಕ್ಷೆ, ಅದೂ ತುಂಬಿದ ಸಭೆಯಲ್ಲಿ.

ಅಲ್ಲಮನ ಮೊದಲ ಪ್ರಶ್ನೆಯೇ ಕಟು. ಹರೆಯದ ಹೆಣ್ಣು ನೀನು ಇಲ್ಲಿಗೇಕೆ ಬಂದೆ, ನಿನ್ನ ಗಂಡ ಯಾರು ಎಂದು ಹೇಳು, ಇಲ್ಲವಾದರೆ ಹೊರಡು ಎಂಬ ಅರ್ಥದ ಮಾತು. ಇಂದಿಗೂ ಹೊಸ ಊರಿಗೆ ಒಬ್ಬಳೇ ಹೋಗಿ ಬಾಡಿಗೆ ಮನೆ ಕೇಳುವ ಹುಡುಗಿಗೆ ಎದುರಾಗುವ ಪ್ರಶ್ನೆಯೂ ಹೆಚ್ಚುಕಡಿಮೆ ಇದೇ. ಅಕ್ಕ ತನ್ನ ಗಂಡ ಚೆನ್ನಮಲ್ಲಿಕಾರ್ಜುನ, ಉಳಿದವರ ಸಂಬಂಧ ತನಗಿಲ್ಲ ಎನ್ನುತ್ತಾಳೆ. ಮುಂದಿನ ಪ್ರಶ್ನೆ ಇನ್ನೂ ಮರ್ಮಕ್ಕೆ ತಾಗುವಂಥದು: ನಾಚಿಕೆಯನ್ನು ಬಿಟ್ಟವಳು ಕೂದಲಿನಿಂದ ಮೈ ಮುಚ್ಚಿಕೊಂಡದ್ದೇಕೆ? ಇದಕ್ಕೆ ಆಕೆಯ ಉತ್ತರದಲ್ಲಿ ಎರಡು ಭಾಗಗಳಿವೆ. ಒಳಗೆ ಹಣ್ಣಾಗದೆ ಹೊರಗಿನ ಸಿಪ್ಪೆಯ ಬಣ್ಣ ಬದಲಾಗದು ಎಂಬುದು ಒಂದು. ಮುಚ್ಚಿಕೊಂಡದ್ದು ತನಗಾಗಿ ಅಲ್ಲ, ನೋಡುವವರಿಗೆ ನೋವಾಗದಿರಲಿ ಎಂದು ಎಂಬುದು ಇನ್ನೊಂದು. ಕೊರತೆ ನೋಡುವ ಕಣ್ಣಿನಲ್ಲಿದೆ, ತನ್ನ ಮೈಯಲ್ಲಿಲ್ಲ ಎಂದು ಸಭ್ಯವಾದ ಭಾಷೆಯಲ್ಲಿ ಆಕೆ ಹೇಳಿದ್ದು. ಹೆಣ್ಣುಮಕ್ಕಳ ಉಡುಪಿನ ಮೇಲೆ ಇಂದಿಗೂ ನಡೆಯುವ ಚರ್ಚೆಗಳಿಗೆ ಈ ಒಂದು ಉತ್ತರವೇ ಸಾಕಾಗಬೇಕಿತ್ತು.

ಈ ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದುದು ಪರೀಕ್ಷಕನನ್ನು. ಅಲ್ಲಮ ಸೋಲಿಸಬೇಕೆಂದು ಕೇಳಲಿಲ್ಲ, ತಿಳಿಯಬೇಕೆಂದು ಕೇಳಿದ. ಉತ್ತರ ಸರಿಯಾಗಿದ್ದಾಗ ಸಭೆಯೆದುರೇ ಒಪ್ಪಿಕೊಂಡ. ಬಸವಣ್ಣ, ಚೆನ್ನಬಸವಣ್ಣನಂಥವರು ಆಕೆಯ ಹಿರಿಮೆಯನ್ನು ಬಾಯಿತುಂಬ ಹೊಗಳಿದರು. 'ಅಕ್ಕ' ಎಂಬ ಪದವಿ ಬಂದದ್ದು ಹೀಗೆ. ಅದು ವಯಸ್ಸಿನಿಂದ ಬಂದ ಹಿರಿತನವಾಗಿರಲಿಲ್ಲ.

ಅಕ್ಕನನ್ನು ಸ್ತ್ರೀವಾದಿ ಎನ್ನಬಹುದೇ? ಕಾಲೇಜಿನ ಭಾಷಣ ಸ್ಪರ್ಧೆಗಳಲ್ಲಿ ಹಾಗೆ ಸಲೀಸಾಗಿ ಹೇಳಿಬಿಡುತ್ತಾರೆ. ಇಂಗ್ಲೆಂಡಿನ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಹೆಣ್ಣಿನ ಹಕ್ಕುಗಳನ್ನು ಪ್ರತಿಪಾದಿಸಿ ಪುಸ್ತಕ ಬರೆದದ್ದು 1792ರಲ್ಲಿ. ಫ್ರಾನ್ಸಿನ ಸಿಮೋನ್ ದ ಬೋವಾ ಹೆಣ್ಣನ್ನು ಸಮಾಜ ಹೇಗೆ 'ಎರಡನೆಯವಳು' ಮಾಡುತ್ತದೆಂದು ವಿವರಿಸಿದ್ದು 1949ರಲ್ಲಿ. ಅವರ ಗುರಿ ಶಿಕ್ಷಣ, ದುಡಿಮೆ, ಕಾನೂನು, ಸಮಾಜದಲ್ಲಿ ಸ್ಥಾನ. ಅಕ್ಕನ ಗುರಿ ಇದಾವುದೂ ಆಗಿರಲಿಲ್ಲ. ಆಕೆ ಬಯಸಿದ್ದು ಚೆನ್ನಮಲ್ಲಿಕಾರ್ಜುನನಲ್ಲಿ ಒಂದಾಗುವುದನ್ನು. ಅದಕ್ಕೆ ಅಡ್ಡ ಬಂದ ಗಂಡ, ಮನೆ, ಬಟ್ಟೆ, ಮಾನ ಎಲ್ಲವನ್ನೂ ಸರಿಸಿದಳು. ಇಂದಿನ ಶಬ್ದವನ್ನು ಆಕೆಯ ಕೊರಳಿಗೆ ಕಟ್ಟುವುದು ಇತಿಹಾಸಕ್ಕೆ ನ್ಯಾಯವಲ್ಲ. ಆದರೂ ಒಂದು ಅಂಶವನ್ನು ಅಲ್ಲಗಳೆಯಲಾಗದು. ತನ್ನ ದೇಹದ ಮೇಲೆ, ತನ್ನ ಮನಸ್ಸಿನ ಮೇಲೆ ಇನ್ನೊಬ್ಬರ ಯಜಮಾನಿಕೆಯನ್ನು ಆಕೆ ಒಪ್ಪಲಿಲ್ಲ. ಒಪ್ಪದಿರುವುದಕ್ಕೆ ಕಾರಣವನ್ನು ತನ್ನದೇ ಮಾತಿನಲ್ಲಿ ಹೇಳಿದಳು. ಹೆಣ್ಣಿನ ಪರವಾಗಿ ಗಂಡಸರು ಆಡಿದ ಮಾತು ಎಲ್ಲ ಕಾಲದಲ್ಲೂ ಸಿಗುತ್ತದೆ. ಹೆಣ್ಣೇ ಆಡಿದ, ಬರೆದಿಟ್ಟ, ಉಳಿದುಬಂದ ಮಾತು ಅಪರೂಪ.

ಎಲ್ಲ ಹುಡುಗಿಯರೂ ಶ್ರೀಶೈಲದ ಕದಳಿಯ ದಾರಿ ಹಿಡಿಯಬೇಕಾಗಿಲ್ಲ, ಹಿಡಿಯಲೂ ಆಗದು. ಸಂಸಾರದೊಳಗಿದ್ದೇ ಯೋಚಿಸಿದ ಶರಣೆಯರ ಬಗ್ಗೆ ಅಕ್ಕನಷ್ಟು ಮಾತಾಡುವುದಿಲ್ಲವೆಂಬುದು ಒಂದು ಕೊರತೆಯೇ. ಆಯ್ದಕ್ಕಿ ಲಕ್ಕಮ್ಮನ ಗಂಡ ಮಾರಯ್ಯ ಬಿದ್ದ ಅಕ್ಕಿ ಆಯ್ದು ತರುವ ಕಾಯಕದವನು. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಇದು ಆಸೆ, ತಿರುಗಿ ಅಲ್ಲೇ ಸುರಿದು ಬಾ ಎಂದು ಕಳಿಸಿದವಳು ಲಕ್ಕಮ್ಮ. ಆತ ಕಾಯಕ ಮರೆತು ತತ್ತ್ವಚರ್ಚೆಯಲ್ಲಿ ಕೂತಾಗ ಎಬ್ಬಿಸಿ ಕೆಲಸಕ್ಕೆ ಅಟ್ಟಿದವಳೂ ಆಕೆಯೇ. ಸತ್ಯಕ್ಕ ಎಂಬ ಶರಣೆ, ಮೈಯ ಗುರುತು ನೋಡಿ ಗಂಡು ಹೆಣ್ಣು ಎನ್ನುವುದು ಲೋಕದ ರೂಢಿ, ತಿಳಿದವರ ಮಾತಲ್ಲ ಎಂದು ವಾದಿಸಿದಳು. ದಿನನಿತ್ಯದ ಬಾಳುವೆಗೆ ಅಕ್ಕನಿಗಿಂತ ಲಕ್ಕಮ್ಮನೇ ಹೆಚ್ಚು ಉಪಯೋಗಕ್ಕೆ ಬಂದಾಳು. ಗಂಡನ ಚೀಲ ನೋಡಿ 'ಇದು ಎಲ್ಲಿಂದ ಬಂತು?' ಎಂದು ಕೇಳುವ ಹೆಂಡಂದಿರು ಹೆಚ್ಚಾದರೆ ಎಷ್ಟೋ ಕಚೇರಿಗಳು ತಾನಾಗಿ ಶುದ್ಧವಾದಾವು.

ಇನ್ನು 'ಇದು ನನ್ನದು' ಎನ್ನುವ ನೆಲೆಯ ಪ್ರಶ್ನೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆ ಕನ್ನಡದಲ್ಲಿದೆ. ತವರಿನಲ್ಲಿ 'ಇನ್ನೊಬ್ಬರ ಮನೆಗೆ ಹೋಗುವವಳು', ಗಂಡನ ಮನೆಯಲ್ಲಿ 'ಹೊರಗಿನಿಂದ ಬಂದವಳು'. ಹಾಗಾದರೆ ಹುಡುಗಿಯ ಸ್ವಂತ ಮನೆ ಯಾವುದು? ಕಾನೂನು ಇದಕ್ಕೆ ತಡವಾಗಿಯಾದರೂ ಉತ್ತರ ಕೊಟ್ಟಿದೆ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟು ಹಕ್ಕು ಎಂಬ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂತು. ಇಡೀ ದೇಶಕ್ಕೆ 2005ರಲ್ಲಿ ಬಂತು. ಆದರೆ ಪಾಲು ಕೇಳಿದ ಮಗಳಿಗೆ ತವರಿನ ಬಾಗಿಲು ಮುಚ್ಚುವ ಮನೆಗಳು ಎಷ್ಟೋ ಇವೆ. ಅಕ್ಕ ಈ ಪ್ರಶ್ನೆಗೆ ಬೇರೆ ರೀತಿಯಿಂದ ಉತ್ತರಿಸಿದಳು. ಹಸಿವಿಗೆ ಊರಿನ ಭಿಕ್ಷೆ, ಬಾಯಾರಿಕೆಗೆ ಕೆರೆಬಾವಿ, ಮಲಗಲು ಪಾಳುಬಿದ್ದ ಗುಡಿ ಇರುವಾಗ ತನಗೆ ಯಾರ ಹಂಗೂ ಇಲ್ಲ, ಜೊತೆಗೆ ಅವನಿದ್ದಾನೆ ಎಂದಳು. ಎಲ್ಲಿಯೂ ಸೇರದವಳು ಎಲ್ಲ ಕಡೆಗೂ ಸೇರಿದಳು. ಇದು ಸಾಮಾನ್ಯರ ದಾರಿಯಲ್ಲ, ದಿಟ್ಟರ ದಾರಿ.

ಬೀದರ ಸೀಮೆಯ ಹುಡುಗಿಗೆ ಈ ಪ್ರಶ್ನೆ ಇನ್ನೊಂದು ಬಗೆಯಲ್ಲೂ ಎದುರಾಗುತ್ತದೆ. ಈ ನೆಲ 1948ರ ಸೆಪ್ಟೆಂಬರಿನವರೆಗೆ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆಯನ್ನೇ ಮೂರು ಪಾಲು ಮಾಡಿದರು. ಬೀದರ, ಭಾಲ್ಕಿ, ಔರಾದ, ಹುಮನಾಬಾದ ಮೈಸೂರು ರಾಜ್ಯಕ್ಕೆ ಬಂದವು. ಉದಗೀರ, ನಿಲಂಗಾ ಮುಂತಾದವು ಮರಾಠಿ ಕಡೆಗೆ, ಜಹೀರಾಬಾದ, ನಾರಾಯಣಖೇಡ ತೆಲುಗು ಕಡೆಗೆ ಹೋದವು. ಅತ್ತೆಮನೆ ಒಂದು ರಾಜ್ಯ, ತವರುಮನೆ ಇನ್ನೊಂದು ರಾಜ್ಯವಾಯಿತು. ರಾಜ್ಯದ ಉತ್ತರದ ತುದಿಯಲ್ಲಿರುವ ಔರಾದ ಕಡೆಯ ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಮಾತು ಮರಾಠಿ, ಸಂತೆಯ ಮಾತು ಹಿಂದಿ-ಉರ್ದು ಬೆರಕೆ, ಸಾಲಿಯ ಮಾತು ಕನ್ನಡ. ತಾಂಡಾದ ಹುಡುಗಿಗೆ ಇವೆಲ್ಲದರ ಮೇಲೆ ಲಂಬಾಣಿ. ಇಷ್ಟು ಭಾಷೆ ಬಲ್ಲ ಹುಡುಗಿಗೆ ಹೊರಗಿನವರು 'ನಿನಗೆ ಸರಿಯಾಗಿ ಕನ್ನಡ ಬರುವುದಿಲ್ಲ' ಎಂದುಬಿಡುತ್ತಾರೆ. ನಾಲ್ಕು ಭಾಷೆ ಬರುತ್ತವೆ ಎಂದು ಯಾರೂ ಮೆಚ್ಚುವುದಿಲ್ಲ.

ಇದಕ್ಕೆ ಉತ್ತರವಾಗಿ ಬದುಕಿದ ಇಬ್ಬರನ್ನು ಇಲ್ಲಿ ನೆನೆಯಬೇಕು. ಒಬ್ಬರು ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು. 1890ರಲ್ಲಿ, ಅಂದು ಔರಾದಕ್ಕೆ ಸೇರಿದ್ದ ಕಮಲನಗರದಲ್ಲಿ ಹುಟ್ಟಿ, 1999ರವರೆಗೆ ನೂರು ದಾಟಿ ಬಾಳಿದವರು. ನಿಜಾಮನ ಆಡಳಿತದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಅವರ ಕಥೆ ಈ ಭಾಗದ ಹಿರಿಯರಿಗೆಲ್ಲ ಗೊತ್ತು. ಅನಾಥ ಮಕ್ಕಳಿಗೆ ಮಠವನ್ನೇ ಮನೆ ಮಾಡಿದರು ಎಂಬುದನ್ನೂ ಅದರ ಜೊತೆಗೆ ಹೇಳಬೇಕು.

ಇನ್ನೊಬ್ಬರು ಜಯದೇವಿತಾಯಿ ಲಿಗಾಡೆ. 1912ರಲ್ಲಿ ಸೊಲ್ಲಾಪುರದ ಕನ್ನಡ ಮನೆಯಲ್ಲಿ ಹುಟ್ಟಿದ ಇವರು ಶಾಲೆಯಲ್ಲಿ ಕಲಿತದ್ದು ಮರಾಠಿ. ಹದಿನಾಲ್ಕರ ಹೊತ್ತಿಗೆ ಮದುವೆ. ಅಂದಿನ ರೂಢಿಯಂತೆ ಅಲ್ಲಿಗೆ ಓದು ಮುಗಿಯಿತು. ಮುಗಿಯಿತೆಂದು ಮನೆಯವರು ಅಂದುಕೊಂಡಿರಬಹುದು, ಹುಡುಗಿ ಅಂದುಕೊಳ್ಳಲಿಲ್ಲ. ಕನ್ನಡವನ್ನು ಸ್ವಂತ ಪ್ರಯತ್ನದಿಂದ ಕಲಿತರು. ಶರಣರ ವಚನಗಳನ್ನು ಮರಾಠಿಗೆ ಅನುವಾದಿಸಿದರು. ಹೆಣ್ಣುಮಕ್ಕಳು ಬೀಸುವಾಗ ಕುಟ್ಟುವಾಗ ಹಾಡುವ ತ್ರಿಪದಿಯ ಧಾಟಿಯನ್ನೇ ಹಿಡಿದು ಸೊಲ್ಲಾಪುರದ ಸಿದ್ಧರಾಮನ ಮೇಲೆ 'ಶ್ರೀ ಸಿದ್ಧರಾಮೇಶ್ವರ ಪುರಾಣ' ಎಂಬ ಮಹಾಕಾವ್ಯ ಬರೆದರು. ಪಂಡಿತರ ಛಂದಸ್ಸನ್ನು ಬಿಟ್ಟು ಅಡುಗೆಮನೆಯ ಛಂದಸ್ಸಿನಲ್ಲಿ ಮಹಾಕಾವ್ಯ ಬರೆಯುವುದು ಸಣ್ಣ ಧೈರ್ಯವಲ್ಲ. ಗಡಿಭಾಗದ ಕನ್ನಡಕ್ಕಾಗಿ ದುಡಿದರು, ಆದರೆ ಮರಾಠಿಯನ್ನು ದ್ವೇಷಿಸಲಿಲ್ಲ. ದ್ವೇಷಿಸಿದವರು ಅದರಲ್ಲಿ ಬರೆಯುತ್ತಿರಲಿಲ್ಲ. 1974ರಲ್ಲಿ ಮಂಡ್ಯದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ ಅವರೇ. ಎರಡನೆಯವರು ಬರಲು 2000ದ ಬಾಗಲಕೋಟೆ ಸಮ್ಮೇಳನದವರೆಗೆ ಕಾಯಬೇಕಾಯಿತು. ಮಂಡ್ಯದ ಕಬ್ಬಿನ ಸೀಮೆಯ ಜನ ಸೊಲ್ಲಾಪುರದ ಹೆಣ್ಣುಮಗಳ ಕನ್ನಡ ಕೇಳಿದ ಆ ದಿನವನ್ನು ಕನ್ನಡ ಪುಸ್ತಕಗಳಲ್ಲಿ ಇನ್ನಷ್ಟು ದೊಡ್ಡದಾಗಿ ಬರೆಯಬೇಕಿತ್ತು. ಕೊನೆಯ ವರ್ಷಗಳಲ್ಲಿ ಜಯದೇವಿತಾಯಿ ನೆಲೆಸಿದ್ದು ಬಸವಕಲ್ಯಾಣದಲ್ಲಿ. 1986ರಲ್ಲಿ ತೀರಿಕೊಂಡರು.

ಔರಾದದ ಮರಾಠಿ ಮನೆಯ ಹುಡುಗಿಗೆ ಅಕ್ಕ ಪರಕೀಯಳಲ್ಲ. ಅಜ್ಜಿ ಬೀಸುವಾಗ ಹಾಡುತ್ತಿದ್ದ ಅಭಂಗಗಳಲ್ಲಿ ಜನಾಬಾಯಿ ಇದ್ದಾಳೆ. ಪಂಢರಪುರದಲ್ಲಿ ನಾಮದೇವರ ಮನೆಯ ಕೆಲಸದಾಕೆಯಾಗಿದ್ದ ಆ ಸಂತಳು ವಿಠಲನನ್ನು ಬೀಸುವ ಕಲ್ಲಿನ ಪಕ್ಕಕ್ಕೆ ಕರೆದು ಕೂರಿಸಿಕೊಂಡವಳು. ಬೀದರದ ಹಳೇ ಶಹರದ ಉರ್ದು ಮನೆಯ ಹುಡುಗಿ ಬಸ್ರಾದ ರಾಬಿಯಾಳ ಹೆಸರು ಕೇಳಿರುತ್ತಾಳೆ. ಎಂಟನೆಯ ಶತಮಾನದ ಆ ಸೂಫಿ ತಪಸ್ವಿನಿ, ಸ್ವರ್ಗದ ಆಸೆಗಲ್ಲ, ನರಕದ ಭಯಕ್ಕಲ್ಲ, ಬರೀ ಪ್ರೀತಿಗಾಗಿ ದೇವರನ್ನು ಪ್ರೀತಿಸಬೇಕು ಎಂದಳೆಂದು ಪರಂಪರೆ ಹೇಳುತ್ತದೆ. ಬೀದರಿನಿಂದ ಕೂಗಳತೆಯಲ್ಲಿರುವ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಶಾ ವಲಿಯ ಗೋರಿಯಿದೆ. ಅಲ್ಲಿಯ ಉರುಸಿಗೆ ಕಲಬುರಗಿ ಜಿಲ್ಲೆಯ ಮಾದಿಹಾಳದಿಂದ ಜಂಗಮರು ಬರುವ ಪದ್ಧತಿ ಇದೆ. ಅನೇಕ ಭಕ್ತರಿಗೆ ಆ ಸುಲ್ತಾನ ಅಲ್ಲಮಪ್ರಭುವಿನ ಅವತಾರ. ಇತಿಹಾಸದ ತಕ್ಕಡಿಯಲ್ಲಿ ಅದು ನಿಲ್ಲುತ್ತದೆಯೇ ಎಂಬುದು ಬೇರೆ ಮಾತು. ಜನ ಹಾಗೆ ಅಂದುಕೊಂಡರಲ್ಲ, ಈ ನೆಲದ ಗುಣ ತಿಳಿಯಲು ಅದೇ ಸಾಕು.

ಭಾಲ್ಕಿ, ಔರಾದಗಳಿಂದ ಬೀದರಿಗೆ ಸುಮಾರು ನಾಲ್ವತ್ತು ಕಿಲೋಮೀಟರ್ ದಾರಿ. ಬೆಳಗಿನ ಬಸ್ಸುಗಳಲ್ಲಿ ಕಾಲೇಜಿನ ಹುಡುಗಿಯರು ಕಾಣುತ್ತಾರೆ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರಕಾರಿ ಬಸ್ಸಿನಲ್ಲಿ ಅವರಿಗೆ ಟಿಕೆಟ್ಟಿನ ಖರ್ಚಿಲ್ಲ. ಬಡ ಮನೆಯ ತಂದೆಗೆ ಇದು ಸಣ್ಣ ಉಳಿತಾಯವಲ್ಲ. ಆದರೆ ಬಸ್ಸಿನ ದುಡ್ಡು ಉಳಿದ ಮಾತ್ರಕ್ಕೆ ಎಲ್ಲ ಮುಗಿಯಿತೇ? 'ಪೋರಿ ಇಷ್ಟು ಕಲ್ತು ಏನ್ ಮಾಡ್ತಾಳ್ರಿ?' ಎನ್ನುವ ನೆರೆಯವರು, 'ನಾಳೆ ಮಂದಿ ಏನಂತಾರ?' ಎನ್ನುವ ಸೋದರಮಾವ, ಒಳ್ಳೆಯ ಸಂಬಂಧ ಬಂದಿದೆ, ಹತ್ತನೆಯದು ಮುಗಿದರೆ ಸಾಕು ಎನ್ನುವ ಅಜ್ಜಿ, ಇವರೆಲ್ಲ ಇನ್ನೂ ಇದ್ದಾರೆ. ಅವರಲ್ಲಿ ಯಾರೂ ಕೌಶಿಕನಂಥ ಕೆಟ್ಟವರಲ್ಲ. ಮಗಳ ಮೇಲಿನ ಅಕ್ಕರೆಯಿಂದಲೇ ಹಾಗೆ ಅನ್ನುತ್ತಾರೆ. ಅಕ್ಕರೆಯೇ ಗೂಡಿನ ಎಳೆಯಾಗುವುದು ಹೀಗೆ.

ಕಾನೂನಿನ ಮಾತನ್ನು ಇಲ್ಲಿ ಸ್ಪಷ್ಟವಾಗಿ ಹೇಳಿಬಿಡುವುದು ಒಳ್ಳೆಯದು. ಹದಿನೆಂಟು ತುಂಬದ ಹುಡುಗಿಯ ಮದುವೆ 2006ರ ಕೇಂದ್ರ ಕಾಯಿದೆಯಂತೆ ಅಪರಾಧ. ಕರ್ನಾಟಕ ಅದಕ್ಕೆ ತಿದ್ದುಪಡಿ ತಂದು, ಅಂಥ ಮದುವೆ ಮೊದಲಿನಿಂದಲೇ ಅಸಿಂಧು ಎಂದು ಮಾಡಿದೆ. ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ, ಹುಡುಗಿಯೇ ಬೇಕಾದರೂ, ಫೋನು ಮಾಡಬಹುದು. ಹನ್ನೆರಡನೆಯ ಶತಮಾನದಲ್ಲಿ 'ಒಲ್ಲೆ' ಎನ್ನಲು ಒಬ್ಬ ಅಕ್ಕನೇ ಬೇಕಾಯಿತು. ಈಗ ಸಾಮಾನ್ಯ ಹುಡುಗಿಯೂ ಅನ್ನಬಹುದು, ಕಾಯಿದೆ ಬೆನ್ನಿಗಿದೆ. ಆದರೆ ಮನೆಯ ಹೊಸ್ತಿಲೊಳಗೆ ಆ ಮಾತು ಆಡಲು ಬೇಕಾದ ಧೈರ್ಯವನ್ನು ಕಾಯಿದೆ ಕೊಡಲಾರದು. ಅದನ್ನು ತಾಯಿ ಕೊಡಬೇಕು, ತಂದೆ ಕೊಡಬೇಕು.

ಮಗಳು ಯೋಚಿಸತೊಡಗಿದರೆ ಕೈಬಿಟ್ಟು ಹೋಗುತ್ತಾಳೆಂಬ ಭಯ ಹೆತ್ತವರಿಗೆ ಸಹಜ. ಜಾತ್ರೆಯಲ್ಲಿ ಅಕ್ಕನ ಭಾವಚಿತ್ರದ ಮೆರವಣಿಗೆಗೆ ಮಗಳನ್ನು ಕಳಿಸುವವರೇ, ಮನೆಯಲ್ಲಿ ಆಕೆ 'ಯಾಕೆ?' ಎಂದರೆ 'ಬಾಯಿ ಬಹಳಾಯ್ತು' ಎನ್ನುತ್ತಾರೆ. ವಿಜ್ಞಾನದ ತರಗತಿಯಲ್ಲಿ ಪ್ರಶ್ನೆ ಕೇಳು ಎಂದು ಹೇಳಿ, ಊಟದ ಮನೆಯಲ್ಲಿ ಕೇಳಬೇಡ ಎಂದರೆ ಮಗು ಎರಡನ್ನೂ ಬಿಡುತ್ತದೆ. ಶಿವಶರಣೆಯರ ವಚನ ಸಂಪುಟ ಜಿಲ್ಲಾ ಗ್ರಂಥಾಲಯದಲ್ಲಾಗಲಿ ಕಾಲೇಜಿನ ಗ್ರಂಥಾಲಯದಲ್ಲಾಗಲಿ ಸಿಕ್ಕರೆ ಒಂದು ರಜೆಯಲ್ಲಿ ತಾಯಿ ಮಗಳು ಕೂಡಿ ಓದಬಹುದು. ಅರ್ಥವಾಗದ ಕಡೆ ನಿಲ್ಲಬೇಕಾಗಿಲ್ಲ, ಮುಂದಿನದಕ್ಕೆ ಹೋದರಾಯಿತು. ಗೂಡಿನ ಹುಳು ಬಂದಾಗ ಮಾತ್ರ ಸ್ವಲ್ಪ ನಿಲ್ಲಿರಿ. ತಂದೆಯೂ ಬಂದು ಕೂತರೆ ಬೇಡ ಎನ್ನುವವರಿಲ್ಲ.

ಹರಿಹರನ ರಗಳೆಯಲ್ಲಿ ಅಕ್ಕನ ತಂದೆತಾಯಿಗಳ ಪಾಡು ಯಾರ ಕಣ್ಣಿಗೂ ಅಷ್ಟಾಗಿ ಬೀಳುವುದಿಲ್ಲ. ಅರಸನಿಗೆ ಹೆದರಿ ಮಗಳನ್ನು ಒಪ್ಪಿಸಿದವರು ಅವರು. ಮಗಳು ಎಲ್ಲವನ್ನೂ ಬಿಟ್ಟು ಶ್ರೀಶೈಲದಲ್ಲಿದ್ದಾಳೆಂದು ತಿಳಿದಾಗ ಆಕೆಯನ್ನು ನೋಡಲು ಅಲ್ಲಿಯವರೆಗೂ ಹೋಗುತ್ತಾರೆ. ಉಡುತಡಿಯಿಂದ ಶ್ರೀಶೈಲವೆಂದರೆ ಮಲೆನಾಡಿನ ಅಂಚಿನಿಂದ ಕೃಷ್ಣೆಯ ಕಣಿವೆಯ ತನಕ, ತುಂಗಭದ್ರೆಯನ್ನು ದಾಟಿ, ನಲ್ಲಮಲೆಯ ದಟ್ಟ ಕಾಡು ಹೊಕ್ಕು ಹೋಗಬೇಕಾದ ವಾರಗಟ್ಟಲೆಯ ದಾರಿ. ಮಗಳ ಸ್ಥಿತಿ ನೋಡಿ ಅತ್ತರು, ಮರುಗಿದರು. ಅವಳು ಸಮಾಧಾನ ಹೇಳಿದಳು. ಆಮೇಲೆ ಅವರು ಅವಳನ್ನು ಅಲ್ಲೇ ಬಿ‌ಟ್ಟು, ಬಂದ ದಾರಿಯಲ್ಲೇ ಊರಿಗೆ ತಿರುಗಿದರು.